ಶನಿವಾರ ಕೈತಪ್ಪಿದ ಚಕೋರ ಬ್ಲೇಡು

ವ್ಯವಸ್ಥಾಪಕ ನಿರ್ದೇಶಕರ ಸನ್ನಿಧಾನಕ್ಕೆ,
ಚಕೋರ ಗ್ರೂಮಿಂಗ್ ಸೊಲ್ಯೂಷನ್ಸ್
(ಮೊದಲು ಚಕೋರ ಬ್ಲೇಡ್ ವರ್ಕ್ಸ್ ಎಂಬ ಮರ್ಯಾದಸ್ಥ ಹೆಸರಿದ್ದ ಕಂಪನಿ)

ವಿಷಯ: ನಮ್ಮ ಅಣ್ಣನ ಗಡ್ಡ.

ಮಾನ್ಯರೇ,

ಕಂಪನಿಯ ವೆಬ್‌ಸೈಟಿನ ಚಿತ್ರದಲ್ಲಿ ಬೆಣ್ಣೆಯಂಥ ಗಲ್ಲ ತೋರಿಸಿಕೊಂಡು ನಿಂತಿರುವ ತಮಗೆ, ಗಲ್ಲದ ಮೇಲೆ ಮೂರು ಕಡೆ ದಿನಪತ್ರಿಕೆಯ ಚೂರು ಅಂಟಿಸಿಕೊಂಡು ಕುಳಿತಿರುವ ನಾನು, ವಿಮಾ ಕಚೇರಿಯ ನಿವೃತ್ತ ನೌಕರ ಮಧುಸೂದನ್, ಚೆನ್ನೈ ವೆಸ್ಟ್ ಮಾಂಬಲಂನ ಎರಡನೇ ಮಹಡಿಯಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಆಡಳಿತ ಮಂಡಳಿಯೂ ತಮ್ಮ ಐದು ಅಲಗಿನ ಹೊಸ ರೇಜರೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ.

ತಾವು ಚಕೋರ ಸ್ಟೇನ್‌ಲೆಸ್ ಎಂಬ ಎರಡಂಚಿನ ಬ್ಲೇಡನ್ನು ತಯಾರಿಸುವುದನ್ನು ನಿಲ್ಲಿಸಿ, ಮನುಕುಲವನ್ನು ಹಿಂದಿನ ಕಾಲದಿಂದ ಬಿಡಿಸಿದ್ದೀರೆಂದು ತಮ್ಮ ವೆಬ್‌ಸೈಟಿನಲ್ಲಿ ಓದಿ ಪುಳಕಿತನಾದೆ. ಹೊಸ ಜಾಹೀರಾತಿನಲ್ಲಿ ಒಬ್ಬ ಮಹಾಶಯ ಬೈಕಿನಿಂದ ಇಳಿದು, ಜಲಪಾತದ ಕೆಳಗೆ ನಿಂತು, ತಮ್ಮ ಐದಲಗಿನ ರೇಜರನ್ನು ಗಲ್ಲದ ಮೇಲೆ ಒಂದೇ ಒಂದು ಸಲ ಎಳೆದು, ತಕ್ಷಣ ಒಬ್ಬ ಹುಡುಗಿಯಿಂದ ಗಲ್ಲ ಸವರಿಸಿಕೊಳ್ಳುವುದನ್ನೂ ನೋಡಿದೆ. ನಮ್ಮ ಕಟ್ಟಡದಲ್ಲಿ ಜಲಪಾತದ ಸೌಕರ್ಯವಿಲ್ಲ, ಟ್ಯಾಂಕರ್ ನೀರು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ ನಲ್ಲಿಯಲ್ಲಿ ಬರುತ್ತದೆ, ಮತ್ತು ನನ್ನ ಹೆಂಡತಿ ಸೀತಾ ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಒಂದು ದಿನವೂ ನನ್ನ ಗಲ್ಲ ಸವರಿದವಳಲ್ಲ. ಇದನ್ನು ದೂರೆಂದು ತಾವು ಭಾವಿಸಬಾರದು.

ದೂರು ನಮ್ಮ ಅಣ್ಣನದು. ಅವನ ಹೆಸರು ಗುಂಡಣ್ಣ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಚಾಮರಾಜನಗರದಿಂದ ಬಂದು ವಡಪಳನಿಯ ಸ್ಟುಡಿಯೋಗಳಲ್ಲಿ ನಲವತ್ತು ವರ್ಷ ಮೇಕಪ್ ಮಾಡಿದವನು. ಮುಖಕ್ಕೆ ಬಣ್ಣ ಹಚ್ಚುವ ಮೊದಲು ಆ ಮುಖ ನುಣ್ಣಗಿರಬೇಕೆಂದು ಹೀರೋಗಳ ಗಲ್ಲವನ್ನೂ ವಿಲನ್‌ಗಳ ಗಲ್ಲವನ್ನೂ ತಾನೇ ಕೆರೆದವನು, ಮತ್ತು ಆ ಸಂಬಳದಲ್ಲಿ ನನ್ನನ್ನು ಓದಿಸಿದವನು. ಇಷ್ಟೂ ಗಲ್ಲಗಳ ಮೇಲೆ ಓಡಾಡಿದ್ದು ತಮ್ಮ ಚಕೋರ ಒಂದೇ. ಬೇರೆ ಬ್ಲೇಡು ಕಂಡರೆ ಅಣ್ಣ ಅದನ್ನು ಎರಡೇ ಬೆರಳಲ್ಲಿ ಹಿಡಿದು, "ಇದರಲ್ಲಿ ಸೀಮೇಸುಣ್ಣ ಕೆರೀಬಹುದು" ಎಂದು ಬದಿಗಿಡುತ್ತಿದ್ದ. ತಮ್ಮ ಕಂಪನಿಗೆ ಇವನಿಗಿಂತ ದೊಡ್ಡ ಜಾಹೀರಾತುದಾರ ಇರಲಿಲ್ಲ, ಪುಕ್ಕಟೆಯವನಂತೂ ಇರಲೇ ಇಲ್ಲ.

ಎರಡು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತುಂಡುತುಂಡಾಯಿತು. ಅಂದಿನಿಂದ ಅವನಿಗೆ ಕ್ಷೌರ ಮಾಡುವವನು ನಾನು. ಮನೆಯಲ್ಲಿದ್ದ ಚಕೋರದ ದಾಸ್ತಾನು ಮೊನ್ನೆ ಯುಗಾದಿ ಕಳೆದ ಮೇಲೆ ಮುಗಿಯಿತು. ತಮ್ಮ ಐದಲಗಿನ ರೇಜರನ್ನು ನಾನು ಭಕ್ತಿಯಿಂದಲೇ ತಂದೆ. ಮೊದಲನೆಯ ಎಳೆತಕ್ಕೇ ಅಣ್ಣನ ದವಡೆಯ ಕೆಳಗೆ ಕೊಯ್ದು, ಅವನು ರಕ್ತ ತೆಳುವಾಗುವ ಮಾತ್ರೆ ನುಂಗುವವನಾದ್ದರಿಂದ, ಪಟಿಕ ಒತ್ತಿ ಒತ್ತಿ ನನ್ನ ಬೆರಳು ನೊಂದರೂ ಒಂದು ಗಂಟೆ ರಕ್ತ ನಿಲ್ಲಲಿಲ್ಲ. ಐದು ಅಲಗುಗಳಲ್ಲಿ ಯಾವುದು ಕೊಯ್ದದ್ದೆಂದು ತಿಳಿಯದೆ ಐದನ್ನೂ ಸಮಾನವಾಗಿ ಶಪಿಸಿದೆ. ಆಮೇಲೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಎರಡಂಚಿನ ಬ್ಲೇಡು ತಂದೆ, ಅದೂ ಕೊಯ್ಯಿತು.

ಆವತ್ತಿನಿಂದ, ಮಾನ್ಯರೇ, ನಾನು ಸೋಪಿನ ಬಟ್ಟಲು ಹಿಡಿದು ಹತ್ತಿರ ಹೋದರೆ ಸಾಕು, ಅಣ್ಣ ಎಡಗೈಯಿಂದ ಟವೆಲ್ಲು ಎಳೆದು ಮುಖ ಮುಚ್ಚಿಕೊಳ್ಳುತ್ತಾನೆ. ಟವೆಲ್ಲಿನ ಒಳಗಿನಿಂದ "ಬ್ಲೇಡು... ಸರಿಯಿಲ್ಲ" ಎಂದಷ್ಟೇ ಹೇಳುತ್ತಾನೆ. ನನ್ನನ್ನು ಕಂಡರೆ ಅಣ್ಣ ಮುಖ ಮುಚ್ಚಿಕೊಳ್ಳುತ್ತಾನೆಂಬುದನ್ನು ತಮ್ಮ ಗ್ರಾಹಕ ಸಮೀಕ್ಷೆಯ ಯಾವ ನಕ್ಷತ್ರದಲ್ಲಿ ತಿಳಿಸಬೇಕೋ ಗೊತ್ತಾಗಲಿಲ್ಲ, ಅದಕ್ಕೇ ಈ ಪತ್ರ. ಸಲೂನಿನವರೊಬ್ಬರನ್ನು ಮನೆಗೇ ಕರೆಸಿದೆ, ಅವರು ಕಿವಿಗೆ ಫೋನು ಸಿಕ್ಕಿಸಿಕೊಂಡು ಕತ್ತಿ ಮಸೆಯುವುದನ್ನು ಕಂಡು ಅಣ್ಣ ವಾಪಸು ಕಳಿಸಿದ. ಮೂರು ವಾರದಿಂದ ಅವನು ಬಾಲ್ಕನಿಗೂ ಬಂದಿಲ್ಲ, ಬಿಳಿ ಗಡ್ಡದಲ್ಲಿ ಕೆಳಗಿನವರ ಕಣ್ಣಿಗೆ ಬೀಳಬಾರದೆಂದು.

ಬರುವ ಬುಧವಾರ ಸಂಜೆ ವಡಪಳನಿಯ ಒಂದು ಕಲ್ಯಾಣ ಮಂಟಪದಲ್ಲಿ ಮೇಕಪ್ ಕಲಾವಿದರ ಸಂಘದವರು ಹಳಬರಿಗೆ ಶಾಲು ಹೊದಿಸುತ್ತಾರೆ. ಪಟ್ಟಿಯಲ್ಲಿ ಅಣ್ಣನ ಹೆಸರು ಮೊದಲನೆಯದು. ಆಮಂತ್ರಣ ಬಂದ ದಿನ ಅವನು ಅದನ್ನು ಎಡಗೈಯಲ್ಲಿ ಹಿಡಿದು ನಾಲ್ಕು ಸಲ ಓದಿದ. ಆಮೇಲೆ ಗಲ್ಲ ಮುಟ್ಟಿ ನೋಡಿಕೊಂಡು ದಿಂಬಿನ ಕೆಳಗೆ ಇಟ್ಟುಬಿಟ್ಟ. ನಲವತ್ತು ವರ್ಷ ಊರವರ ಮುಖ ತಿದ್ದಿದವನು ತನ್ನ ಮುಖ ಹೀಗಿಟ್ಟುಕೊಂಡು ವೇದಿಕೆ ಹತ್ತುವವನಲ್ಲ. ತಮ್ಮ ಕಂಪನಿಯ ಆಧುನಿಕತೆಯ ಮುಂದೆ ಇದು ಎಷ್ಟರದು ಎಂದು ತಾವು ಕೇಳಬಹುದು, ಕೇಳಿ.

ತಮ್ಮ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನು ಮಾಡಿದೆ. ಪ್ರವೀಣ್ ಎಂಬ ಸಜ್ಜನರು, ನನ್ನ ಪುಣ್ಯಕ್ಕೆ ಕನ್ನಡದಲ್ಲೇ, "ಸಾರ್, ನೀವು ವಾರಕ್ಕೆ ಎಷ್ಟು ಸಲ ಶೇವ್ ಮಾಡ್ತೀರ?" ಎಂದು ವಿಚಾರಿಸಿದರು. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಹೇಳಬೇಕಲ್ಲ. ನಮ್ಮ ಮನೆಯಲ್ಲಿ ಮಂಗಳವಾರ, ಶುಕ್ರವಾರ, ಶನಿವಾರ ಕ್ಷೌರ ಕೂಡದು, ಏಕಾದಶಿ ಅಮಾವಾಸ್ಯೆ ಕೂಡದು, ನನ್ನ ಜನ್ಮನಕ್ಷತ್ರದ ದಿನ ನನಗೂ ಅಣ್ಣನ ನಕ್ಷತ್ರದ ದಿನ ಅವನಿಗೂ ಕೂಡದು ಎಂದು ವಿವರಿಸಿ, ಪಂಚಾಂಗ ತೆಗೆದು ಆ ತಿಂಗಳ ಲೆಕ್ಕ ಓದಿ ಹೇಳಿದೆ. ಅವರು ಬಹಳ ತಾಳ್ಮೆಯಿಂದ ಕೇಳಿ, "ಹಾಗಾದ್ರೆ ನಿಮಗೆ ನಮ್ಮ ಡೈಲಿ ಶೇವ್ ಪ್ಲಾನ್ ತುಂಬಾ ಸೂಟ್ ಆಗತ್ತೆ ಸಾರ್" ಎಂದರು. ಇಂಥ ಕೇಳ್ಮೆಗೆ ತಾವು ಅವರಿಗೆ ಬಡ್ತಿ ಕೊಡಬೇಕು.

ಅಣ್ಣಾ ನಗರದ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಮೆಟ್ರೋದಲ್ಲಿ ಹೋಗಿ ಎರಡಂಚಿನ ಚಕೋರ ಬ್ಲೇಡು ಕೇಳಿದಾಗ ಅಲ್ಲಿಯ ಹುಡುಗಿ ನನ್ನನ್ನು ಮಕ್ಕಳ ಕ್ರಾಫ್ಟ್ ಸಾಮಾನಿನ ಕಪಾಟಿನ ಹತ್ತಿರ ಬಿಟ್ಟುಹೋದಳು. ಆನ್‌ಲೈನಿನಲ್ಲಿ ತರಿಸಿದ್ದು ಚಕೋರದ ಚಿತ್ರವಿದ್ದ ಕೀಚೈನು. ಕೊನೆಗೆ ಹೋದ ಶನಿವಾರ, ನಮ್ಮ ಮಾಂಬಲಂ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ, ಊದುಬತ್ತಿ, ಹಲ್ಲುಪುಡಿ, ಸೊಳ್ಳೆಬತ್ತಿ ಮಾರುವ ಒಂದು ಮೊಳದ ಅಂಗಡಿಯಲ್ಲಿ, ಹಳದಿ ಕಾಗದದ ಮೇಲೆ ಕತ್ತೆತ್ತಿ ಚಂದ್ರನನ್ನು ನೋಡುವ ಆ ಹಕ್ಕಿಯನ್ನು ಕಂಡೆ! ಒಂದಲ್ಲ, ಇಪ್ಪತ್ತು ಪ್ಯಾಕೆಟ್ಟು! ಅಂಗಡಿಯವರ ಮುಂದೆಯೇ ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೈ ಚಾಚಿದೆ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಯಾಕೆಂದು ತಾವು ಊಹಿಸಲಾರಿರಿ. ಅಂದು ಶನಿವಾರ, ಬ್ಲೇಡು ಕಬ್ಬಿಣ, ಶನಿವಾರ ಕಬ್ಬಿಣ ಕೊಂಡು ಮನೆಗೆ ತಂದರೆ ಶನಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಹಾಗೆ ಎಂದು ನಮ್ಮ ಅಮ್ಮ ಹೇಳಿಕೊಟ್ಟದ್ದು. ಅಣ್ಣ ಮೊದಲೇ ಮಲಗಿರುವ ಮನೆಗೆ ಅದನ್ನು ಹೇಗೆ ತರಲಿ? ನಾಳೆ ಬೆಳಿಗ್ಗೆ ಬರುತ್ತೇನೆ, ಎಲ್ಲವನ್ನೂ ಎತ್ತಿಡಿ ಎಂದೆ. ಅಂಗಡಿಯವರು, "ಸರಿ ಸಾರ್, ನಾಳೆಕ್ಕು ವಾಂಗೊ" ಎಂದು, ನಾಳೆಯೇ ಬನ್ನಿ ಎಂಬಂತೆ ತಲೆಯಾಡಿಸಿದರು. ಮನೆಗೆ ಬಂದು ವಿಷಯ ಹೇಳಿದರೆ ಸೀತಾ ಸೊಂಟಕ್ಕೆ ಕೈಯಿಟ್ಟು, "ಹೋದ ಶನಿವಾರ ಸ್ಟೀಲ್ ಡಬ್ಬ ತಂದ್ರಲ್ಲ, ಆಗ ಶನಿ ರಜಾ ಹಾಕಿದ್ನಾ?" ಎಂದಳು. ಸ್ಟೇನ್‌ಲೆಸ್ ಸ್ಟೀಲು ಕಬ್ಬಿಣವೋ ಅಲ್ಲವೋ ಎಂಬುದನ್ನು ತಾವು ಪ್ಯಾಕೆಟ್ಟಿನ ಮೇಲೆ ಸ್ಪಷ್ಟವಾಗಿ ಮುದ್ರಿಸಿದ್ದರೆ, ಸಾಧ್ಯವಾದರೆ ಒಬ್ಬ ಜೋಯಿಸರ ಸಹಿಯೊಂದಿಗೆ, ಈ ಅನರ್ಥ ಆಗುತ್ತಿರಲಿಲ್ಲ. ಆದ್ದರಿಂದ ಇದೂ ತಮ್ಮದೇ ತಪ್ಪು.

ಭಾನುವಾರ ಏಳು ಗಂಟೆಗೆ ಓಡಿದೆ. ಹಿಂದಿನ ಸಂಜೆ ಅಂಗಡಿಯಲ್ಲಿ ಕೂತಿದ್ದ ಅವರ ಹೆಂಡತಿ ಇಪ್ಪತ್ತೂ ಪ್ಯಾಕೆಟ್ಟನ್ನು ಟೈಲರ್ ಬೇಬಿಗೆ ಮಾರಿಬಿಟ್ಟಿದ್ದರು. ಬೇಬಿ ಕೋಲಾರದ ಕಡೆಯ ಹೆಂಗಸು, ಎರಡು ಗಲ್ಲಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹೋಗಿ ನೋಡಿದರೆ ಮೇಜಿನ ಮೇಲೆ ನನ್ನ ಚಕೋರಗಳು ಸಾಲಾಗಿ ಮಲಗಿದ್ದವು, ಒಂದೊಂದನ್ನೂ ಉದ್ದಕ್ಕೆ ಎರಡು ಮಾಡಿ, ತುದಿಗೆ ಟೇಪು ಸುತ್ತಿ. "ರಾತ್ರಿ ಕರೆಂಟ್ ಪೋಯ್‌ಚು ಅಣ್ಣಾ, ಮಿಷನ್ ಓಡಂಗಿಲ್ಲ, ಸುಮ್ನೆ ಕೂತು ಎಲ್ಲಾ ಮುರಿದಿಟ್ಟೆ. ಇದ್ರಲ್ಲಿ ಹೊಲಿಗೆ ಬಿಚ್ಚಿದ್ರೆ ಬಟ್ಟೆಗೆ ಗೊತ್ತೇ ಆಗಲ್ಲ ನೋಡಿ" ಎಂದಳು. ತಮ್ಮ ಜಲಪಾತದ ಜಾಹೀರಾತು ಬರೆದವರನ್ನು ಮನೆಗೆ ಕಳಿಸಿ ಈಕೆಯನ್ನು ನೇಮಿಸಿಕೊಳ್ಳುವುದು ಮೇಲು.

ನಾನು ಅಣ್ಣನ ಕತೆ ಹೇಳಿದೆ. ಬೇಬಿ ಡ್ರಾಯರು, ದಾರದ ಡಬ್ಬ, ಗುಂಡಿಯ ಡಬ್ಬ ಎಲ್ಲ ಬಗ್ಗಿಸಿ ಹುಡುಕಿ, ಮುರಿಯದೆ ಉಳಿದಿದ್ದ ಒಂದೇ ಒಂದು ಬ್ಲೇಡನ್ನು ಮೇಣದ ಕಾಗದದ ಸಮೇತ ನನ್ನ ಕೈಯಲ್ಲಿಟ್ಟಳು. ಸದ್ಯ ನಾನು ಈ ಭೂಮಿಯ ಮೇಲೆ ನನಗೆ ತಿಳಿದಂತೆ ಉಳಿದಿರುವ ಕೊನೆಯ ಇಡೀ ಚಕೋರದ ಒಡೆಯ. ಬುಧವಾರಕ್ಕೆಂದು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ.

ಈ ಎಲ್ಲ ಕಾರಣಗಳಿಂದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಹಳೆಯ ಕಾರ್ಖಾನೆಯ ಬೀಗ ತೆಗೆಸಿ, ಹಳೆಯ ಯಂತ್ರಕ್ಕೆ ಎಣ್ಣೆ ಬಿಡಿಸಿ, ಮುಂದಿನ ಸೋಮವಾರದೊಳಗೆ, ನಡುವೆ ಬರುವ ಏಕಾದಶಿಯನ್ನು ಬಿಟ್ಟು, ಚಕೋರವನ್ನು ಮತ್ತೆ ಹೊರಡಿಸಬೇಕು. ಅದಾಗದಿದ್ದರೆ ನಮ್ಮ ಅಣ್ಣನ ಗಡ್ಡ ಬೆಳೆಯದಂತೆ ತಮ್ಮ ಸಂಶೋಧನಾ ವಿಭಾಗದವರು ಏನಾದರೂ ಮಾಡಬೇಕು. ಎರಡೂ ಆಗದಿದ್ದರೆ ತಾವೇ ಖುದ್ದಾಗಿ ಬಂದು, ಐದಲಗಿನ ರೇಜರು ಹಿಡಿದು, ನಮ್ಮ ಅಣ್ಣನ ಮುಖದ ಮೇಲಿನ ಟವೆಲ್ಲು ತೆಗೆಸಿ ತೋರಿಸಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಕಾಫಿ ತಿಂಡಿ ನಮ್ಮದು, ಬಕೆಟ್ಟಿನ ನೀರೂ ನಮ್ಮದು.

ಒಂದು ಬ್ಲೇಡಿನ ಮಟ್ಟಿಗೆ ಇನ್ನೂ
ತಮ್ಮ ವಿಶ್ವಾಸಿ,
ಮಧುಸೂದನ್

ತಾ.ಕ.: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ಬುಧವಾರ ಬಂದುಬಿಟ್ಟದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಬೆಳಿಗ್ಗೆ ಚಕೋರವನ್ನು ಅಣ್ಣನಿಗೆ ತೋರಿಸಿದೆ. ಅವನು ಟವೆಲ್ಲು ತಾನೇ ಸರಿಸಿ ಅದನ್ನು ನೋಡಿದ, ಸಂತೋಷಪಟ್ಟ. ನಾನು ಅವನ ಮುಂದೆ ಕೂತು ಮೇಣದ ಕಾಗದ ಬಿಚ್ಚತೊಡಗಿದೆ. ಅದು ಬಿಚ್ಚಲಿಲ್ಲ. ಮತ್ತೆ ಬಿಚ್ಚತೊಡಗಿದೆ. ಅಣ್ಣ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ, ಹಿಡಿದ ಮೇಲೆ ಅದು ಎಷ್ಟು ಅಲ್ಲಾಡುತ್ತಿತ್ತೆಂದು ನನಗೇ ಕಂಡಿತು. "ಬ್ಲೇಡು... ಯಾವಾಗ್ಲೂ ಸರೀನೇ ಇತ್ತು ಕಣೋ ಮಧು" ಎಂದ. ಮಣಿಕಟ್ಟು ಬಿಡದೆಯೇ, "ನಿನ್ ಕೈ... ನಡುಗತ್ತೆ. ಹೇಳಕ್ಕೆ... ಮನಸ್ಸು ಬರ್ಲಿಲ್ಲ" ಎಂದ. ಸೀತಾ ಕತ್ತರಿಯಲ್ಲಿ ಗಡ್ಡ ಮೊಟಕು ಮಾಡಿ, ರೇಜರಿನಲ್ಲಿ ಯಾವ ಬ್ಲೇಡು ಇದೆಯೆಂದು ಕೇಳದೆ, ಅಂಗಡಿಯ ಆ ಮಾಮೂಲಿ ಬ್ಲೇಡಿನಲ್ಲೇ, ಅಣ್ಣ ಬೆರಳು ತೋರಿಸಿದ ಕಡೆಯೆಲ್ಲ ನಿಧಾನವಾಗಿ ಎಳೆದಳು. ಒಂದು ಹನಿ ರಕ್ತ ಬರಲಿಲ್ಲ. ಸಂಜೆ ಅಣ್ಣ ಶಾಲು ಹೊದ್ದುಕೊಂಡು ಬಂದ. ಸೋಮವಾರ ನನ್ನ ಕೈಯನ್ನು ಡಾಕ್ಟರಿಗೆ ತೋರಿಸಲು ಹೊತ್ತು ಗೊತ್ತಾಗಿದೆ. ಕಾರ್ಖಾನೆ, ಯಂತ್ರ ಯಾವುದೂ ಬೇಡ, ಮಾನ್ಯರೇ. ಅಷ್ಟರೊಳಗೆ ತಮ್ಮ ಕಂಪನಿಯ ಕಾಗದದ ಮೇಲೆ, ಮೊಹರು ಹಾಕಿ, ತಪ್ಪು ಬ್ಲೇಡಿನದೇ ಎಂದು ಒಂದೇ ಒಂದು ಸಾಲು ಬರೆದು ಕಳಿಸಿ. ಅಣ್ಣನಿಗೆ ತೋರಿಸುವುದಕ್ಕಲ್ಲ, ನಾನು ಇಟ್ಟುಕೊಳ್ಳುವುದಕ್ಕೆ.