ಸರ್ವೆಯರ್ ಎಳೆದ ತೇರಿನ ಹಗ್ಗ

"ತಾಲ್ಲೂಕಿನ ಅರ್ಧ ಜಮೀನು ಅಳೆದಿರೋ ಕೈ ಕಣೇ ಇದು! ಮನೆ ಮುಂದೆ ಒಂದು ತೇರು ಬರೆಯೋಕಾಗಲ್ವಾ?"

ಸರ್ವೆಯರ್ ಉಮಾಶಂಕರ್ ಹೀಗೆ ಎದೆ ಉಬ್ಬಿಸಿದಾಗ ಅವನ ಹೆಂಡತಿ ಶೋಭಾರಾಣಿ ಬಲಗೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ಹಬ್ಬಕ್ಕೆಂದು ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸುವಾಗ ಜಾರಿ ಮಣಿಕಟ್ಟು ಉಳುಕಿತ್ತು. ಕೈನೋವಿಗಿಂತ ಚಿಂತೆಯೇ ದೊಡ್ಡದಾಗಿತ್ತು. ಶ್ರೀನಿವಾಸಪುರದ ಆ ಬೀದಿಯಲ್ಲಿ ಸಂಕ್ರಾಂತಿಯ ಮಾರನೆಯ ದಿನ, ಕನುಮದಂದು, ಮೊದಲ ಮನೆಯವರು ರಂಗೋಲಿಯಲ್ಲಿ ತೇರು ಬರೆದು ಅದರ ಹಗ್ಗವನ್ನು ಪಕ್ಕದ ಮನೆಯ ಬಾಗಿಲವರೆಗೆ ಎಳೆಯಬೇಕು. ಅವರು ಮುಂದಿನ ಮನೆಗೆ ದಾಟಿಸಬೇಕು. ಹಗ್ಗ ಬೀದಿಯ ಕೊನೆ ಮುಟ್ಟಿದರೆ ವರ್ಷವೆಲ್ಲ ಒಗ್ಗಟ್ಟು, ನಡುವೆ ಕಡಿದರೆ ವರ್ಷವೆಲ್ಲ ಜಗಳ! ಮೊದಲ ಮನೆ ಇವರದೇ. ಗೌನಿಪಲ್ಲಿಯಿಂದ ಮದುವೆಯಾಗಿ ಬಂದಾಗಿನಿಂದ ಶೋಭಾರಾಣಿಯ ಹಗ್ಗ ಒಮ್ಮೆಯೂ ಕಡಿದಿರಲಿಲ್ಲ.

"ಪಕ್ಕದ ಮನೆ ಮುನಿಯಲ್ಲಮ್ಮನಿಗೇ ಹೇಳೋಣ ರೀ. ನೀವು ಬೇಡ."

"ಯಾಕೆ, ನಾನೇನು ಕೈಗೆ ಬಳೆ ತೊಟ್ಕೊಂಡಿದೀನಾ?"

"ತೊಟ್ಟಿದ್ರೆ ಧೈರ್ಯವಾಗಿ ನಿಮ್ಮನ್ನೇ ಕೂರಿಸ್ತಿದ್ದೆ!"

ಈ ಅವಮಾನವನ್ನು ನುಂಗಿಕೊಂಡು ಉಮಾಶಂಕರ್ ಬೆಳಗ್ಗೆಯೇ ಮಗಳು ಚರಿತಾಳನ್ನೂ ಬೀದಿಯ ಮಕ್ಕಳ ಸೈನ್ಯವನ್ನೂ ಕಟ್ಟಿಕೊಂಡು ರಣರಂಗಕ್ಕಿಳಿದ. ಅಭ್ಯಾಸಬಲದಿಂದ ಕೊರಳಲ್ಲಿ ಆಫೀಸಿನ ಐಡಿ ಕಾರ್ಡೂ ನೇತಾಡುತ್ತಿತ್ತು. ಸ್ಕೂಟರ್ ನಿಲ್ಲಿಸಲೆಂದು ಕಳೆದ ವರ್ಷ ತಾನೇ ಹಾಕಿಸಿದ್ದ ಕಲ್ಲುಚಪ್ಪಡಿಯ ಮೇಲೆ ಮೊಳೆಗೆ ದಾರ ಕಟ್ಟಿ ಚಕ್ರ ಸುತ್ತಿದ. ಆಹಾ, ಎಂಥ ಚಕ್ರ! ಮಕ್ಕಳು ಗೋಪುರ ಏರಿಸಿದರು, ಬಾವುಟ ಹಾರಿಸಿದರು, ಅಕ್ಕಪಕ್ಕ ನವಿಲು ನಿಲ್ಲಿಸಿದರು. ನವಿಲು ನಾಟಿ ಕೋಳಿಯಂತೆ ಕಂಡದ್ದನ್ನು ಉಮಾಶಂಕರ್ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಎಡವಟ್ಟು ಶುರುವಾದದ್ದು ಹಗ್ಗದಲ್ಲಿ.

"ಅಪ್ಪಾ, ಹಗ್ಗ ಬಳುಕಿಸ್ತಾ ಎಳೀಬೇಕು. ಅಮ್ಮ ಹಾಗೇ ಎಳೆಯೋದು," ಎಂದಳು ಚರಿತಾ.

"ತೇರು ಎಳೆಯುವಾಗ ಹಗ್ಗ ಬಿಗಿಯಾಗಿರುತ್ತಾ, ಜೋಲು ಬಿದ್ದಿರುತ್ತಾ? ಸೈನ್ಸ್ ಕಣಮ್ಮಾ, ಸೈನ್ಸ್!"

ಬೇರೆ ಮನೆಗಳ ಪಾಲನ್ನೂ ತಾನೇ ವಹಿಸಿಕೊಂಡು, ಸೈನ್ಸಿನ ಪ್ರಕಾರ ಬೀದಿಯ ಕೊನೆಯ ಲೈಟುಕಂಬಕ್ಕೆ ದಾರ ಕಟ್ಟಿ, ಚರಂಡಿಯ ಒಳ ಅಂಚು ಹಿಡಿದು ತನ್ನ ಮನೆಯ ಕಡೆಗೆ ನೆಟ್ಟಗೆ ಬಿಗಿಸುತ್ತ ಬಂದ. ರಂಗೋಲಿ ಪುಡಿ ಮುಗಿದಿತ್ತು. ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣದ ಪುಡಿ ತಂದು ಸುರಿದ. ಒಬ್ಬ ಹುಡುಗನ ಕೈಗೆ ಟೇಪು, ಇನ್ನೊಬ್ಬನ ಕೈಗೆ ಗೂಟ. "ಬಿಗಿ ಹಿಡಿಯೋ! ಮೆಟ್ಟಿಲು ಅಡ್ಡ ಬಂತಾ? ಬರಲಿ, ಅದರ ಮೇಲೇ ಎಳಿ!" ಎಂಬ ಅವನ ಗರ್ಜನೆಗೆ ಬೀದಿಯೇ ಎದ್ದು ಕೂತಿತು.

ಮೊದಲು ಹೊರಬಂದವಳು ಮುನಿಯಲ್ಲಮ್ಮ. ಐಡಿ ಕಾರ್ಡು ಕಂಡಳು, ಟೇಪು ಕಂಡಳು, ಸುಣ್ಣದ ಗೆರೆ ತನ್ನ ಮೆಟ್ಟಿಲ ಕಡೆಗೇ ಬರುತ್ತಿರುವುದನ್ನೂ ಕಂಡಳು.

"ಅಯ್ಯೋ ದೇವುಡಾ! ಏಮಿ ನಾಯನಾ ಇದಿ, ಏನಪ್ಪಾ ಇದು? ಹಬ್ಬದ ದಿನಾನೇ ಹಾಕ್ಬೇಕಿತ್ತಾ?"

"ಹಬ್ಬದ ದಿನ ಹಾಕದೆ ಇನ್ಯಾವಾಗ ಹಾಕೋದಮ್ಮಾ? ನಿಮ್ಮ ಮೆಟ್ಟಿಲ ಮೇಲೂ ಹೋಗುತ್ತೆ, ಬೇಜಾರು ಮಾಡ್ಕೋಬೇಡಿ!" ಎಂದು ಉಮಾಶಂಕರ್ ಹಲ್ಲು ಕಿರಿದ.

ಮುಗಿಯಿತು! ರಸ್ತೆ ಅಗಲ ಮಾಡುತ್ತಾರಂತೆ, ಗೆರೆ ದಾಟಿದ್ದನ್ನೆಲ್ಲ ಒಡೆಯುತ್ತಾರಂತೆ ಎಂಬ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಬೀದಿಯ ನಡುವಿನ ಮನೆಯಿಂದ ಒಬ್ಬಟ್ಟು ಬಂತು, ಹಿಂದೆಯೇ ಎಳ್ಳುಬೆಲ್ಲ ಬಂತು, ಕಬ್ಬಿನ ಜಲ್ಲೆಯೂ ಬಂತು! ಎಲ್ಲವೂ ತನ್ನ ಕಲೆಗೆ ಸಂದ ಗೌರವವೆಂದು ಉಮಾಶಂಕರ್ ಚಪ್ಪರಿಸಿದ.

"ಸಾರ್, ಒಂಚೂರು ಆ ಕಡೆಗೆ ಸರಿಸಿ ಸಾರ್," ಎಂದು ಕೈ ಹೊಸೆದ, ಒಬ್ಬಟ್ಟು ಕೊಟ್ಟಿದ್ದ ನಡುವಿನ ಮನೆಯ ಅಮರನಾಥ್. ಅವನ ಹೊಸ ಗ್ರಾನೈಟ್ ಮೆಟ್ಟಿಲ ಮೂಗು ಗೆರೆಯಾಚೆ ಚಾಚಿತ್ತು.

"ನಾನೆಳೆದ ಗೆರೆ ಯಾರಿಗೂ ಬಗ್ಗಲ್ಲ ಅಮರನಾಥ್!"

"ನನ್ನ ಒಬ್ಬಟ್ಟು ತಿಂದ್ಕೊಂಡು ನನಗೇ ಹಿಂಗಂತೀರಾ?" ಅಮರನಾಥ್ ಒಳಗೆ ಹೋಗಿ ಬಕೆಟ್ ತಂದ. ದಡಾರ್ ಎಂದು ನೀರು! ಅವನ ಮನೆಯ ಮುಂದೆ ಗೆರೆ ಕೊಚ್ಚಿಕೊಂಡು ಹೋಯಿತು.

"ಹಗ್ಗ ಕಡಿದುಹೋಯ್ತು!" ಎಂದು ಚರಿತಾ ಗೊಳೋ ಎಂದಳು. ಅವಳನ್ನು ನೋಡಿ ಮಕ್ಕಳೆಲ್ಲ ರಾಗ ಎಳೆದರು. ಆ ಗಲಾಟೆಗೆ ಶೋಭಾರಾಣಿ ಓಡಿ ಬಂದಳು. "ಅಯ್ಯೋ, ರಸ್ತೆಯೂ ಇಲ್ಲ, ಗಿಸ್ತೆಯೂ ಇಲ್ಲ! ನಮ್ಮನೇವ್ರು ತೇರಿನ ಹಗ್ಗ ಎಳೀತಿರೋದು!"

ಬೀದಿ ಬೆಪ್ಪಾಯಿತು. ಅಮರನಾಥ್ ಬಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟ. ಶೋಭಾರಾಣಿಯ ಕಣ್ಣು ಮಾತ್ರ ಅಳಿಸಿಹೋದ ಗೆರೆಯ ಮೇಲೆಯೇ ಇತ್ತು. ಇಷ್ಟು ವರ್ಷ ಕಡಿಯದ ಹಗ್ಗ ಇವತ್ತು ಕಡಿದಿತ್ತು.

"ಅಳಬೇಡಮ್ಮಾ, ಮತ್ತೆ ಎಳೀತೀನಿ. ನಡಿ, ದಾರಾನ ನಮ್ಮ ತೇರಿಗೆ ಹಿಡಿ," ಎಂದು ಮಗಳಿಗೆ ಹೇಳಿದ ಉಮಾಶಂಕರ್.

ಚರಿತಾ ಮೂಗೊರೆಸಿಕೊಂಡು ದಾರ ಹಿಡಿದು ಮನೆಯವರೆಗೂ ಹೋದಳು. ಅಲ್ಲಿ ನಿಂತು ಅತ್ತ ನೋಡಿದಳು, ಇತ್ತ ನೋಡಿದಳು.

"ಅಪ್ಪಾ, ದಾರ ನಮ್ಮ ತೇರಿಗೆ ತಾಗ್ತಾನೇ ಇಲ್ಲ!"

ಬೀದಿಗೆ ಬೀದಿಯೇ ಅಲ್ಲಿಗೆ ನುಗ್ಗಿತು. ಚರಂಡಿಯ ಅಂಚಿನ ನೆಟ್ಟನೆ ದಾರ ಸರ್ವೆಯರ್ ಸಾಹೇಬರ ಹೊಸ್ತಿಲನ್ನು ಒರಸಿಕೊಂಡು ನಿಂತಿತ್ತು. ಚರಂಡಿಯನ್ನೇ ಮುಚ್ಚಿದ್ದ ಚಪ್ಪಡಿ, ಅದರ ಮೇಲಿನ ತೇರು, ಎರಡು ಕೋಳಿ-ನವಿಲುಗಳ ಸಮೇತ, ಪೂರ್ತಿ ರಸ್ತೆಯಲ್ಲಿತ್ತು!

"ಸಾರ್, ನನ್ನ ಮೆಟ್ಟಿಲು ಬರೀ ಮೂಗು ಚಾಚಿತ್ತು," ಎಂದ ಅಮರನಾಥ್. "ನಿಮ್ಮದು ಸಂಸಾರ ಸಮೇತ ಹೊರಗೆ ಬಂದಿದೆಯಲ್ಲಾ!"

ನಗೆಯ ಅಬ್ಬರಕ್ಕೆ ಲೈಟುಕಂಬದ ಕಾಗೆಗಳು ಹಾರಿದವು. ಅಳುತ್ತಿದ್ದ ಮಕ್ಕಳೂ ನಕ್ಕವು. ಶೋಭಾರಾಣಿ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಳು: "ಏನ್ರೀ, ಚಪ್ಪಡಿ ಒಡಿಸ್ತೀರೋ, ಗೆರೆ ಬಗ್ಗಿಸ್ತೀರೋ?"

ಉಮಾಶಂಕರ್ ಐಡಿ ಕಾರ್ಡು ಕಳಚಿ ಜೇಬಿಗಿಟ್ಟು ಮಂಡಿಯೂರಿದ. ಮುನಿಯಲ್ಲಮ್ಮ ತನ್ನ ರಂಗೋಲಿ ಬಟ್ಟಲು ಕೊಟ್ಟಳು. ಹಗ್ಗ ತೇರಿನಿಂದ ಹೊರಟು ಅವಳ ಮೆಟ್ಟಿಲನ್ನು ಬಳಸಿತು, ಅಮರನಾಥನ ಗ್ರಾನೈಟಿಗೆ ಸಲಾಮು ಹೊಡೆಯಿತು, ಮನೆಮನೆಯ ಮುಂದೆ ಬಾಗಿ ಬಳುಕಿ ಲೈಟುಕಂಬ ಮುಟ್ಟಿತು. ಎಲ್ಲೂ ಕಡಿಯಲಿಲ್ಲ.

ಸೊಂಟ ಹಿಡಿದುಕೊಂಡು ಎದ್ದವನ ಹಣೆಯ ಸುಣ್ಣವನ್ನು ಸೆರಗಿನಿಂದ ಒರೆಸುತ್ತ ಮುನಿಯಲ್ಲಮ್ಮ ಹೇಳಿದಳು: "ಎಲ್ಲಾ ವಂಕರ ಟಿಂಕರ, ಬರೀ ಸೊಟ್ಟ! ಇಷ್ಟು ವರ್ಷಕ್ಕೆ ಇವತ್ತು ನೋಡು ನಾಯನಾ, ಒಬ್ಬರೂ ತಕರಾರು ಮಾಡದೇ ಇರೋ ಸರ್ವೆ ಮಾಡ್ದೆ!"