ಕಂಟ್ರೋಲ್ ಹೋಯಿತು, ನಾವೂ ಹೋದೆವು

ಕೆಲಸ ಹೋಗುವ ಕಾಗದ ಬಂದಾಗಲೆಲ್ಲ ನಮ್ಮಲ್ಲಿ ನಗು ಬರುವಂಥದ್ದೊಂದು ಆಗಿಯೇ ತೀರುತ್ತಿತ್ತು. ಅಳೋಣ ಅಂತ ಕೂತವರೂ ಹೊಟ್ಟೆ ಹಿಡಿದುಕೊಂಡು ಏಳಬೇಕು, ಹಾಗೆ. ಐವತ್ತರ ದಶಕದ ಮಾತು. ಧಾನ್ಯದ ಮೇಲಿನ ಕಂಟ್ರೋಲ್ ತೆಗೆದರು. ರೇಷನ್ ಕೆಲಸಕ್ಕೆಂದೇ ಸೇರಿದ್ದ ನಾವೆಲ್ಲ ಒಂದೇ ಸಲಕ್ಕೆ ಹೆಚ್ಚುವರಿಯಾದೆವು. ನಾನು ಮಧುಗಿರಿ ಕಚೇರಿಯ ಟೈಪಿಸ್ಟು. ನಾಲ್ಕು ತಾಲ್ಲೂಕಿನವರನ್ನು ಮನೆಗೆ ಕಳಿಸುವ ಆರ್ಡರುಗಳನ್ನು ಹೊಡೆದವನೂ ನಾನೇ, ಊರೂರಿಗೆ ಹೋಗಿ ಕೊಟ್ಟುಬಂದವನೂ ನಾನೇ.

೧. ಶಿರಾದ ಹಾರ

ಮೊದಲ ಆರ್ಡರು ಶಿರಾ ಡಿಪೋದ ಗುಮಾಸ್ತ ಸಾಹೇಬರಿಗೆ. ತಾಯಿಗೆ ನೋವಾಗಬಾರದೆಂದು ಅವರು, ಕೆಲಸದಿಂದ ತೆಗೆದರು ಅನ್ನದೆ ಇಂಗ್ಲಿಷಿನಲ್ಲೇ, "ಅಮ್ಮೀ, ನನ್ನ ರಿಟ್ರೆಂಚ್ ಮಾಡಿದಾರೆ" ಅಂದರಂತೆ. ಅಂಥಾ ಭಾರೀ ಪದ, ಬಡ್ತಿಯೇ ಇರಬೇಕು! ಅಮ್ಮಿ ಬೀದಿಗೆಲ್ಲ ಮಿಠಾಯಿ ಹಂಚಿಬಿಟ್ಟರು. ನಾನು ಹೋದಾಗ ಸಾಹೇಬರ ಕೊರಳಲ್ಲಿ ಮಲ್ಲಿಗೆ ಹಾರ, ಕಣ್ಣಲ್ಲಿ ನೀರು. ತಡೆಯಲಾರದೆ ತಾಯಿಯ ಕಿವಿಯಲ್ಲಿ ನಿಜ ಹೇಳಿದರು. ಅಮ್ಮಿ ಸೆರಗಿನಲ್ಲಿ ಮಗನ ಕಣ್ಣೊರೆಸಿ, "ಆಗ್ಲಿ ಬುಡು ಬೇಟಾ. ಹಾರ ಮಾತ್ರ ತೆಗೀಬ್ಯಾಡ, ಇನ್ನೂ ಎಲ್ಡು ಮನೆಯೋರು ಬರೋದದೆ" ಅಂದರು.

೨. ತಮ್ಮನೇ ಹಿರಿಯ

ಕೊರಟಗೆರೆ ಗೋದಾಮಿನಲ್ಲಿ ಚನ್ನರಾಯನದುರ್ಗದ ಅಣ್ಣತಮ್ಮಂದಿರಿಬ್ಬರು ಜವಾನರು. ಒಬ್ಬ ಸಾಕು, ವಯಸ್ಸಿನಲ್ಲಿ ದೊಡ್ಡವನನ್ನು ಮನೆಗೆ ಕಳಿಸಿ ಅಂತ ಹುಕುಂ. ದಫ್ತರ ತೆಗೆದರೆ, ತಮ್ಮ ಅಣ್ಣನಿಗಿಂತ ಎರಡು ವರ್ಷ ಮೊದಲೇ ಹುಟ್ಟಿದ್ದಾನೆ!

"ಇದೆಂಗಯ್ಯಾ?" ಅಂದೆ.

ಅಣ್ಣ ಹೇಳಿದ: "ಕೆಲ್ಸಕ್ಕೆ ಸೇರೋವಾಗ ಅವ್ನಿಗೆ ವಯಸ್ಸು ಸಾಲ್ದೆ ಬಂತು ಸ್ವಾಮಿ. ನನ್ತಾವ ಒಸಿ ಇಸ್ಕಂಡ. ಇವತ್ತಿಗೂ ವಾಪಸ್ ಕೊಟ್ಟಿಲ್ಲ ನೋಡಿ!"

ತಮ್ಮ ಹಾರಿಬಿದ್ದ. "ಈಗ್ಲೇ ತಗಳಣ್ಣ! ಬಡ್ಡಿ ಸಮೇತ ತಗ!"

೩. ಪಾವಗಡದ ಎತ್ತು

ಪಾವಗಡದಾಚೆ ಗಡಿಯಲ್ಲಿ ಧಾನ್ಯದ ಗಾಡಿ ತಡೆಯುವ ಗೇಟಿತ್ತು. ಗೇಟನ್ನೂ ಕಾವಲುಗಾರನನ್ನೂ ಒಂದೇ ದಿನ ತೆಗೆದರು. ಮೂರನೇ ದಿನ ಗಾಡಿಯವನೊಬ್ಬ ಕಾವಲುಗಾರನ ಮನೆಗೇ ಬಂದು, "ನುವ್ವು ಚೂಡಕುಂಟೇ ಎದ್ದುಲು ಕದಲವು ಸಾಮೀ" ಅಂತ ಗೋಗರೆದ. ನೀನು ನೋಡದಿದ್ದರೆ ಎತ್ತು ಕದಲವು ಅಂತ. ಹೋಗಿ ನೋಡಿದರೆ ನಿಜವೇ. ಇಷ್ಟು ವರ್ಷ ನಿಂತ ಜಾಗದಲ್ಲೇ ಎತ್ತುಗಳು ಕಾಲೂರಿ ನಿಂತಿವೆ, ಹಿಂದೆ ಆರು ಗಾಡಿ. ಕಾವಲುಗಾರ ಕೈಯೆತ್ತಿ "ಹೂಂ, ಹೋಗು" ಅಂದ, ಸಲೀಸಾಗಿ ಹೊರಟವು. ಅವನು ಹಣೆ ಚಚ್ಚಿಕೊಂಡ: "ಸರ್ಕಾರ ಬುಟ್ರೂ ಇವು ನನ್ನ ಬುಡ್ಲಿಲ್ವಲ್ಲಪ್ಪಾ!"

೪. ಅರ್ಜಿ ತಿರಸ್ಕೃತ

ಕೊನೆಗೆ ಮಧುಗಿರಿಯಲ್ಲಿ ಉಳಿದವರು ನಾನು ಮತ್ತು ನಮ್ಮ ಅಧಿಕಾರಿಗಳು. ನಿಯಮ ಅಂದರೆ ಪ್ರಾಣ ಬಿಡುವ ಮನುಷ್ಯ. ಅವರ ಆರ್ಡರೂ ಬಂತು. ಮಗಳ ಮದುವೆ ಹತ್ತಿರವಿತ್ತು. ಅದು ಮುಗಿಯುವ ತನಕ, ಹದಿನೈದು ದಿನ, ಸರ್ಕಾರಿ ಮನೆಯಲ್ಲೇ ಇರಲು ಅನುಮತಿ ಬೇಕು. ಕೊಡುವವರು ಯಾರು? ಕಚೇರಿಯ ಮುಖ್ಯಸ್ಥರು. ಅಂದರೆ ಅವರೇ.

ಮೇಜಿನ ಈಚೆ ನಿಂತು, ತಾವೇ ತಮಗೆ ಅರ್ಜಿ ಬರೆದರು. ನನ್ನ ಕೈಲಿ ಟಪಾಲಿಗೆ ಹಾಕಿಸಿದರು. ಆಚೆ ಹೋಗಿ ಕೂತು, ಕನ್ನಡಕ ಏರಿಸಿ ಓದಿದರು. ಮುಖ ಗಂಟಾಯಿತು. ಕೆಂಪು ಶಾಯಿಯಲ್ಲಿ, "ನಿಯಮದಲ್ಲಿ ಅವಕಾಶವಿಲ್ಲ. ತಿರಸ್ಕರಿಸಲಾಗಿದೆ" ಅಂತ ಬರೆದು ರುಜು ಹಾಕಿದರು.

ಸುದ್ದಿ ಕೇಳಿ ಅವರ ಹೆಂಡತಿ ಓಡಿಬಂದರು. "ರೀ, ನಿಮ್ಮ ಅರ್ಜಿಗೆ ನೀವೇ ಆಗಲ್ಲ ಅಂದ್ರಾ?"

ಅಧಿಕಾರಿಗಳು ತಲೆ ತಗ್ಗಿಸಿ ಅಂದರು: "ಏನು ಮಾಡ್ಲೇ? ಎಷ್ಟು ಕೇಳ್ಕೊಂಡ್ರೂ ಆ ಮನುಷ್ಯ ಒಪ್ಪಲಿಲ್ಲ!"