ದೊರೆಯ ಕಾಲು, ಸಾಹೇಬರ ಕ್ಲೇಮು

"ನನ್ನ ಕ್ಲೇಮನ್ನ ತಿರಸ್ಕರಿಸೋ ಗಂಡು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!" ಎಂದು ಕೊಕ್ಕೆ ಸಾಹೇಬರು ಊಟದ ಮೇಜು ಗುದ್ದಿ ಘೋಷಿಸಿದರು. ನೀರಿನ ಲೋಟ ಉರುಳಿತು. ಒರೆಸಿದವರು ಹೆಂಡತಿ.

ಕೊಕ್ಕೆ ಸಾಹೇಬರೆಂದರೆ ಸಾಮಾನ್ಯರಲ್ಲ. ವಿಮಾ ಕಚೇರಿಗೆ ಬಂದ ಕ್ಲೇಮುಗಳಿಗೆಲ್ಲ ಕೊಕ್ಕೆ ಹಾಕಿ ಹಿಂದಕ್ಕಟ್ಟುವುದೇ ಅವರ ಉದ್ಯೋಗ. ಅಂಗಡಿ ಸುಟ್ಟುಹೋದವನು ಅಳುತ್ತ ಬಂದರೆ, "ಬೆಂಕಿ ಒಳಗಿಂದ ಹತ್ತಿತೋ, ಹೊರಗಿಂದಲೋ?" ಎಂದು ಕೇಳಿ, ಅವನು ಏನು ಹೇಳಿದರೂ "ಹಾಗಾದ್ರೆ ಬರಲ್ಲ" ಎನ್ನುವ ಮಹಾನುಭಾವರು! ಅಂಥವರ ಮನೆಯ ನಾಯಿಗೇ ಈಗ ಅಪಘಾತವಾಗಿತ್ತು.

ನಾಯಿಯ ಹೆಸರು ದೊರೆ. ತಿನ್ನುವುದು, ಸೋಫಾದ ಮೇಲೆ ಶಾಲು ಹೊದ್ದು ಬಿದ್ದುಕೊಳ್ಳುವುದು, ಇವೆರಡು ಬಿಟ್ಟರೆ ಅದಕ್ಕೆ ಬೇರೆ ರಾಜಕಾರ್ಯವಿರಲಿಲ್ಲ. ಆ ಭಾನುವಾರ ಸಾಹೇಬರು ಫೋನಿನಲ್ಲಿ ಯಾರಿಗೋ, "ಕಣ್ಣು ಬಿಟ್ಟು ನಡೀದೇ ಇದ್ರೆ ಅದು ಅಪಘಾತ ಅಲ್ಲ ಕಣ್ರೀ, ಅಜಾಗರೂಕತೆ!" ಎಂದು ಗದರಿಸುತ್ತ ಬಂದವರೇ ಹಿಂದೆಮುಂದೆ ನೋಡದೆ ಸೋಫಾದ ಮೇಲೆ ಧೊಪ್ಪನೆ ಕೂತರು. ಶಾಲು ಕಿರುಚಿತು! ದೊರೆಯ ಮುಂಗಾಲು ಮುರಿದಿತ್ತು.

ಪಶುವೈದ್ಯರು ಪ್ಲಾಸ್ಟರ್ ಹಾಕಿ, ಅದನ್ನು ಬಿಚ್ಚುವವರೆಗೆ ನಾಯಿ ಮೆಟ್ಟಿಲು ಹತ್ತಿಳಿಯಕೂಡದು ಎಂದರು. ಮನೆಯಿದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ದೊರೆಯೋ ತುಂಬಿದ ಗೋಣಿಚೀಲ!

ಪುಣ್ಯಕ್ಕೆ ನಾಯಿಯ ಹೆಸರಿನಲ್ಲಿ ಬೇರೊಂದು ಕಂಪನಿಯ ಅಪಘಾತ ವಿಮೆಯಿತ್ತು.

"ಇದ್ದದ್ದು ಇದ್ದ ಹಾಗೆ ಬರೆದುಕೊಡಿ," ಎಂದರು ಹೆಂಡತಿ. "'ನಾನು ಕೂತೆ, ಕಾಲು ಮುರೀತು' ಅಂತ. ಅಷ್ಟೇ ತಾನೇ?"

"ಅಷ್ಟೇನಾ? ನನ್ನ ಹೆಸರು ಕೇಳಿದ್ರೆ ಕ್ಲೇಮಿಗೆ ಬಂದವರು ಗಡಗಡ ನಡುಗ್ತಾರೆ. ಅಂಥವನು ನಾಯಿ ಮೇಲೆ ಕೂತೆ ಅಂತ ಬರೆಯೋದಾ? ನನ್ನ ಮರ್ಯಾದೆ ಏನಾಗಬೇಕು?"

"ದೊರೆ ಕಾಲಿಗಾದದ್ದೇ ಆಗುತ್ತೆ."

"ನೋಡ್ತಿರು! ಕಳ್ಳ ಬಾಲ್ಕನಿ ಹತ್ತಿದ. ದೊರೆ ಸಿಂಹದ ಹಾಗೆ ಹಾರಿದ. ಕಾಲು ಮುರಿದರೂ ಕಳ್ಳನ್ನ ಓಡಿಸಿದ! ಓದಿದವರು ಕಣ್ಣೀರು ಹಾಕಬೇಕು, ಹಾಗೆ ಬರೀತೀನಿ."

"ಸರಿ. ಕ್ಲೇಮು ಪಾಸಾದ್ರೆ ದಿನಾ ದೊರೇನ ನಾನು ಹೊತ್ತು ಇಳಿಸ್ತೀನಿ. ಆಗಲಿಲ್ವೋ, ನೀವು ಹೊರಬೇಕು."

"ಸೊಂಟ ಗಟ್ಟಿ ಮಾಡ್ಕೋ!" ಎಂದು ಸಾಹೇಬರು ಪೆನ್ನು ಬಿಚ್ಚಿದರು.

ವಿಚಾರಣೆಗೆ ಬಂದವಳು ಆ ಕಂಪನಿಯ ಇನ್ಸ್‌ಪೆಕ್ಟರಮ್ಮ. ಹಿಂದೆ ಸಾಹೇಬರ ಕೈಕೆಳಗೇ ಕೆಲಸ ಕಲಿತವಳು. "ಗಂಡು ತಾನೇ ಹುಟ್ಟಿಲ್ಲ ಅಂದಿದ್ದು?" ಎಂದು ಹೆಂಡತಿ ಪಿಸುಗುಟ್ಟಿದರು.

ಕರೆಗಂಟೆ ಹೊಡೆದರೂ ಸಿಂಹ ಬೊಗಳಲಿಲ್ಲ. ಕುಂಟುತ್ತ ಬಂದು ಆಕೆಯ ಚಪ್ಪಲಿ ನೆಕ್ಕಿ, ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತು.

"ಕಳ್ಳನ್ನ ಓಡಿಸಿದ್ದು ಇದೇನಾ, ಸಾರ್?"

"ಒಳ್ಳೆಯವರನ್ನ ವಾಸನೇಲೇ ಕಂಡುಹಿಡೀತಾನಮ್ಮ!"

"ಕಳ್ಳ ಹೇಗಿದ್ದ?"

ಸಾಹೇಬರು ಕಳ್ಳನನ್ನು ಅಷ್ಟು ವಿವರವಾಗಿ ಹುಟ್ಟಿಸಿರಲಿಲ್ಲ. ಹೆಂಡತಿ ನೆರವಿಗೆ ಬಂದರು.

"ದಪ್ಪಗಿದ್ದ. ಬೋಳುತಲೆ. ತೂತು ಬನಿಯನ್ನು ಹಾಕಿದ್ದ. ಈಗ ನೋಡಿದ್ರೂ ಗುರುತು ಹಿಡೀತೀನಿ!"

ಸಾಹೇಬರು ಶಾಲೆಳೆದು ತಮ್ಮ ಬನಿಯನ್ನನ್ನು ಮುಚ್ಚಿಕೊಂಡರು.

"ದೊರೆ ದಿನಾ ಕಾವಲು ಕಾಯುತ್ತಾ, ಸಾರ್?"

ಹೊಗಳಿಕೆ ಎಲ್ಲಿಂದ ಬಂದರೂ ಸಾಹೇಬರು ಉಬ್ಬುತ್ತಾರೆ. "ಹಗಲೂ ರಾತ್ರಿ! ಇವನಿದ್ದಾನೆ ಅಂತಲೇ ನಾವು ಬೀಗ ಹಾಕೋದನ್ನೇ ಬಿಟ್ಟಿದ್ದೀವಿ!"

ಇನ್ಸ್‌ಪೆಕ್ಟರಮ್ಮ ಬರೆದುಕೊಂಡು ಪೆನ್ನು ಮುಚ್ಚಿದಳು. "ಹಾಗಾದ್ರೆ ಬರಲ್ಲ, ಸಾರ್. ನೀವು ವಿಮೆ ಮಾಡಿಸಿರೋದು ಮುದ್ದಿನ ನಾಯಿಗೆ. ಇದು ಕಾವಲು ನಾಯಿ. ಕೆಲಸ ಮಾಡುವಾಗ ಗಾಯ ಆದ್ರೆ ಈ ಪಾಲಿಸಿ ಅನ್ವಯಿಸಲ್ಲ."

"ಕೆಲಸವಾ? ಇದಾ?" ಸಾಹೇಬರು ಹೌಹಾರಿದರು. "ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿಟ್ಟಿಲ್ಲಮ್ಮ! ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ! ನಾನೇ ಅದರ ಮೇಲೆ ಕೂತುಬಿಟ್ಟೆ!"

"ಅಯ್ಯೋ, ಮೊದಲೇ ಹೇಳಬಾರದಾ? ಮನೆಯವರ ಕೈತಪ್ಪಿನಿಂದ ಆದದ್ದಕ್ಕೆ ಧಾರಾಳವಾಗಿ ಕೊಡ್ತೀವಿ."

"ಹಾಗಾದ್ರೆ ಕೊಡಮ್ಮ!"

"ಹೇಗೆ ಕೊಡಲಿ? ಹೇಳಿಕೆ ಬದಲಾಯಿಸಿದವರ ಎರಡನೇ ಮಾತಿಗೆ ಕಿವಿ ಕೊಡಬೇಡ ಅಂತ ಕಲಿಸಿದವರು ನೀವೇ ಅಲ್ವಾ ಸಾರ್!" ಎಂದು ಅವಳು ಗುರುಗಳಿಗೆ ಕೈಮುಗಿದು ಹೊರಟಳು. ದೊರೆ ಬಾಲವಾಡಿಸುತ್ತ ಬಾಗಿಲವರೆಗೆ ಬೀಳ್ಕೊಟ್ಟಿತು.

ಮರುದಿನ ಬೆಳಿಗ್ಗೆ ಸಾಹೇಬರ ಮೆರವಣಿಗೆ ಹೊರಟಿತು. ತೋಳಲ್ಲಿ ಎತ್ತಿದರೆ ದೊರೆ ಜಾರುತ್ತಿತ್ತು. ಕೊನೆಗೆ ಹೆಗಲ ಮೇಲೇರಿಸಿಕೊಂಡರು. ಅದು ಪ್ಲಾಸ್ಟರ್ ಕಾಲನ್ನು ಬೋಳುತಲೆಯ ಮೇಲಿಟ್ಟು ರಸ್ತೆ ನೋಡುತ್ತ ಕೂತಿತು. ಸಾಹೇಬರು ಏದುಸಿರು ಬಿಡುತ್ತ ಕೆಳಗಿಳಿಯುವಷ್ಟರಲ್ಲಿ ನೆಲಮಹಡಿಯ ಅಜ್ಜಿ ಎದುರಾದರು.

"ಏನಪ್ಪಾ, ಪಾಪ, ನಾಯಿ ಕಾಲಿಗೆ ಏನಾಯ್ತು?"

"ಅದು ದೊಡ್ಡ ಕಥೆ, ಅಜ್ಜಿ. ಒಬ್ಬ ಕಳ್ಳ..."

"ಇದ್ದದ್ದು ಇದ್ದ ಹಾಗೆ ಹೇಳ್ರೀ!" ಮೂರನೇ ಮಹಡಿಯಿಂದ ಹೆಂಡತಿಯ ದನಿ ಬಂತು.

ಸಾಹೇಬರು ತಲೆ ತಗ್ಗಿಸಿದರು, ನಾಯಿ ಬಿಟ್ಟಷ್ಟು. "ನಾನು ಇದರ ಮೇಲೆ ಕೂತುಬಿಟ್ಟೆ, ಅಜ್ಜಿ."

ಅಜ್ಜಿ ಮೇಲೊಮ್ಮೆ, ಕೆಳಗೊಮ್ಮೆ ನೋಡಿದರು.

"ಓಹೋ! ಅದಕ್ಕೇ ಈಗ ಅದು ನಿನ್ನ ಮೇಲೆ ಕೂತಿದೆ!"